ಎದೆಯಲ್ಲಿ ಗಂಟು, ವಯಸ್ಸಿನ್ನೂ ಮೂವತ್ತು: ಮುಂದೆ ಏನೇನು ಮಾಡಬೇಕು

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ, ಕ್ಯಾನ್ಸರ್‌ಗೆ ಕೀಮೋ ಔಷಧ ಕೊಡುವ ವಾರ್ಡಿನ ನರ್ಸ್. ಊರು ನರಗುಂದದ ಹತ್ತಿರ. ರೋಣ, ನವಲಗುಂದ, ಶಿಗ್ಗಾವಿ, ಹಾನಗಲ್ಲ, ಲಕ್ಷ್ಮೇಶ್ವರ, ಎಲ್ಲಾ ಕಡೆಯಿಂದ ನಮ್ಮಲ್ಲಿಗೆ ಸ್ತನ ಕ್ಯಾನ್ಸರ್ ಬಂದ ಹೆಣ್ಣುಮಕ್ಕಳು ಬರುತ್ತಾರೆ. ಐವತ್ತು ದಾಟಿದವರ ಜೊತೆ ಇಪ್ಪತ್ತೆಂಟು, ಮೂವತ್ತೆರಡು ವಯಸ್ಸಿನವರೂ ಇರುತ್ತಾರೆ. ಈ ಸಣ್ಣ ವಯಸ್ಸಿನವರ ಫೈಲ್ ತೆರೆದರೆ ಒಂದೇ ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಗಂಟು ಕೈಗೆ ಸಿಕ್ಕ ದಿನಕ್ಕೂ ಬಯಾಪ್ಸಿ (ಸೂಜಿಯಿಂದ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಆದ ದಿನಕ್ಕೂ ನಡುವೆ ತಿಂಗಳುಗಟ್ಟಲೆ ಹೋಗಿರುತ್ತದೆ. ಆ ತಿಂಗಳುಗಳಲ್ಲಿ ಅವರು ಸುಮ್ನೆ ಕೂತಿರಲಿಲ್ಲ. ಯಾರಿಗೋ ತೋರಿಸಿದ್ದರು. "ಸಣ್ಣಾಕಿ ಅದೀ, ಈ ವಯಸ್ಸಿನ್ಯಾಗ ಅದೆಲ್ಲಾ ಬರೂದಿಲ್ಲ" ಅಂತ ಕೇಳಿ ಸಮಾಧಾನ ಮಾಡಿಕೊಂಡು ಮನೆಗೆ ಬಂದಿದ್ದರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. "ಏನಿಲ್ಲ" ಅನ್ನುವುದು ನಿಮಗೆ ಬಾಯಿಮಾತಿನಲ್ಲಿ ಸಾಲದು, ಕಾಗದದ ಮೇಲೆ ಬೇಕು. ಪ್ರತಿ ಹಂತದಲ್ಲೂ ಒಂದು ರಿಪೋರ್ಟ್ ಕೈಗೆ ಬರಬೇಕು. ಅದು ಬರುವ ತನಕ ಬಿಡಬೇಡಿ.

ಹೆದರಿಸಲು ಹೇಳುತ್ತಿಲ್ಲ. ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಎದೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಫೈಬ್ರೊಅಡಿನೋಮಾ ಅಂತ ಒಂದು ಗಂಟು ಬರುತ್ತದೆ, ಬೆರಳಿನಡಿ ಗೋಲಿಯ ಹಾಗೆ ಜಾರುತ್ತದೆ. ನೀರು ತುಂಬಿದ ಗುಳ್ಳೆಗಳೂ ಬರುತ್ತವೆ. ಇವುಗಳಿಂದ ಜೀವಕ್ಕೆ ಅಪಾಯ ಇಲ್ಲ. ಆದರೆ ಯಾವ ಗಂಟು ಯಾವುದು ಅಂತ ಬೆರಳಿನಿಂದ ಮುಟ್ಟಿ ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ. ದೊಡ್ಡ ಸರ್ಜನ್‌ಗೂ ಆಗುವುದಿಲ್ಲ.

ಸಣ್ಣ ವಯಸ್ಸಿನವರಲ್ಲಿ ಯಾಕೆ ಕಷ್ಟ ಜಾಸ್ತಿ

ಡಾಕ್ಟರುಗಳು 15ರಿಂದ 39 ವರ್ಷದವರನ್ನು ಒಂದು ಗುಂಪಾಗಿ ನೋಡುತ್ತಾರೆ. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ 40ರೊಳಗಿನವರು ನಾಲ್ಕೈದು ಮಂದಿ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಆ ಪಾಲು ಅದಕ್ಕಿಂತ ದೊಡ್ಡದು. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ಕಾಯಿಲೆ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1,92,000 ಹೆಂಗಸರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಸುಮಾರು 98,000 ಜನ ತೀರಿಕೊಂಡರು.

ಸಣ್ಣ ವಯಸ್ಸಿನವರಲ್ಲಿ ಕಾಯಿಲೆಯ ಜಾತಿಯೇ ಸ್ವಲ್ಪ ಜೋರಿನದು. ಟ್ರಿಪಲ್ ನೆಗೆಟಿವ್ ಅನ್ನುವ ವೇಗವಾಗಿ ಬೆಳೆಯುವ ಬಗೆ ಅವರಲ್ಲಿ ಹೆಚ್ಚು. ಅದನ್ನು ನಾವು ಬದಲಿಸಲು ಆಗುವುದಿಲ್ಲ. ಇನ್ನೊಂದು ಕಾರಣ ತಡ. ಅದನ್ನು ಬದಲಿಸಬಹುದು. 30ರೊಳಗಿನವರಿಗೆ ಸರ್ಕಾರದ ತಪಾಸಣೆಯೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎದೆ ಪರೀಕ್ಷೆ ಮಾಡುವುದು 30ರಿಂದ 65 ವರ್ಷದವರಿಗೆ, ಅದೂ ಐದು ವರ್ಷಕ್ಕೊಮ್ಮೆ. ಹಾಗಾಗಿ ಇಪ್ಪತ್ತೇಳರ ಹುಡುಗಿಯ ಗಂಟನ್ನು ಮೊದಲು ಕಂಡುಹಿಡಿಯುವವಳು ಅವಳೇ. ಸ್ನಾನ ಮಾಡುವಾಗ, ಬಟ್ಟೆ ಹಾಕಿಕೊಳ್ಳುವಾಗ.

ತಡ ಅಂದರೆ ಎಷ್ಟು ತಡ? 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಲಕ್ಷಣ ಕಂಡ ಮೇಲೆ ಮೂರು ತಿಂಗಳಿಗಿಂತ ಜಾಸ್ತಿ ತಡವಾದವರಲ್ಲಿ ಐದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 12ರಷ್ಟು ಕಡಿಮೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗುರಿ 60 ದಿನ. ರೋಗಿ ಮೊದಲ ಸಲ ಆಸ್ಪತ್ರೆಗೆ ಬಂದ ದಿನದಿಂದ 60 ದಿನದೊಳಗೆ ಏನು ಕಾಯಿಲೆ ಅಂತ ಖಚಿತ ಆಗಬೇಕು. ಈ 60 ದಿನವನ್ನು ನಿಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಅಮೆರಿಕದ ಅಂಕಿಗಳಲ್ಲಿ, ಕ್ಯಾನ್ಸರ್ ಎದೆಯೊಳಗೇ ಇರುವಾಗ ಸಿಕ್ಕರೆ ಐದು ವರ್ಷ ದಾಟುವವರು ನೂರಕ್ಕೆ 99ರ ಹತ್ತಿರ. ಕಂಕುಳಿನ ಗ್ರಂಥಿಗಳಿಗೆ ಹೋಗಿದ್ದರೆ 87ರ ಹತ್ತಿರ. ಲಿವರ್, ಎಲುಬು, ಶ್ವಾಸಕೋಶಕ್ಕೆ ಹೋಗಿದ್ದರೆ 32ರ ಹತ್ತಿರ. ಇದು ಎಲ್ಲಾ ವಯಸ್ಸಿನವರ ಲೆಕ್ಕ. ಸಣ್ಣ ವಯಸ್ಸಿನವರಲ್ಲೂ ಹಂತಕ್ಕೆ ಹಂತ ಹೀಗೇ ಇಳಿಯುತ್ತದೆ.

ಗಂಟು ಕೈಗೆ ಸಿಕ್ಕ ದಿನ

ತಾರೀಕು ಬರೆದಿಡಿ. ಮೊಬೈಲ್‌ನಲ್ಲಿ ಬರೆದರೂ ಆಯಿತು, ಕ್ಯಾಲೆಂಡರ್ ಮೇಲೆ ಬರೆದರೂ ಆಯಿತು. ಆಮೇಲೆ ಡಾಕ್ಟರ್ "ಯಾವಾಗಿಂದ ಐತಿ?" ಅಂತ ಕೇಳಿದಾಗ "ಮೊನ್ನೆ ದೀಪಾವಳಿ ಹೊತ್ತಿಗೆ" ಅನ್ನುವ ಉತ್ತರದಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ.

ಮುಟ್ಟಿನ ಮುಂಚೆ ಎದೆ ಬಿಗಿಯಾಗಿ ಗಂಟು ಗಂಟಾಗುವುದು ಸಹಜ. ಹಾಗಾಗಿ ಮುಟ್ಟು ಶುರುವಾಗಿ ಐದರಿಂದ ಏಳು ದಿನ ಆದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ. ಎರಡು ಎದೆಗಳಿಗೂ ವ್ಯತ್ಯಾಸ ಇದೆಯಾ? ಕಂಕುಳು, ಕೊರಳ ಎಲುಬಿನ ಮೇಲೆ ಕೆಳಗೆ ಕೈಯಾಡಿಸಿ. ಗಂಟು ಹಾಗೇ ಇದ್ದರೆ ಇನ್ನೊಂದು ತಿಂಗಳು ಕಾಯಬೇಡಿ.

ಕೆಲವು ಲಕ್ಷಣಗಳಿಗೆ ಮುಟ್ಟಿನ ಲೆಕ್ಕವೂ ಬೇಡ, ಆ ವಾರವೇ ಹೋಗಿ. ಗಂಟು ಕಲ್ಲಿನಂತೆ ಗಟ್ಟಿ, ಜಾರುತ್ತಿಲ್ಲ. ಮೇಲಿನ ಚರ್ಮ ಒಳಗೆ ಎಳೆದುಕೊಂಡಿದೆ, ಅಥವಾ ದಪ್ಪಗಾಗಿ ರಂಧ್ರಗಳು ಎದ್ದು ಕಾಣುತ್ತಿವೆ. ತೊಟ್ಟು ಹೊಸದಾಗಿ ಒಳಗೆ ಹೋಗಿದೆ. ಒಂದೇ ತೊಟ್ಟಿನಿಂದ ರಕ್ತ ಬೆರೆತ ನೀರು ಬರುತ್ತಿದೆ. ತೊಟ್ಟಿನ ಮೇಲೆ ವಾಸಿಯಾಗದ ತುರಿಕೆ ಹುಣ್ಣು. ಇಡೀ ಎದೆ ಕೆಂಪಗೆ ಬಿಸಿಯಾಗಿ ಊದಿದ್ದು ಆಂಟಿಬಯಾಟಿಕ್ ತೆಗೆದುಕೊಂಡರೂ ಇಳಿಯುತ್ತಿಲ್ಲ. ಕಂಕುಳಲ್ಲಿ ಗಂಟು.

ನೋವಿಲ್ಲ ಅಂತ ಧೈರ್ಯ ಮಾಡಬೇಡಿ. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ನಮ್ಮ ಕಡೆ ಹೊಲದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗಬೇಕಾದರೆ ನೋವಿರಬೇಕು ಅನ್ನುವ ರೂಢಿ ಇದೆ. ಈ ಒಂದು ಕಾಯಿಲೆಯಲ್ಲಿ ಆ ರೂಢಿ ಹೆಣ್ಣುಮಕ್ಕಳನ್ನು ತುಂಬಾ ಹಾಳು ಮಾಡಿದೆ.

ಎಲ್ಲಿಗೆ ಹೋಗಬೇಕು? ಹೆಚ್ಚಿನವರು ಮೊದಲು ಹೆರಿಗೆ ಡಾಕ್ಟರ್ ಹತ್ತಿರ ಹೋಗುತ್ತಾರೆ, ನಾಚಿಕೆ ಕಡಿಮೆ ಅಂತ. ತಪ್ಪೇನಿಲ್ಲ. ಆದರೆ ಗಂಟಿನ ಕೆಲಸ ಸರ್ಜರಿ ವಿಭಾಗದ್ದು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದ ಜಿಮ್ಸ್, ಹಾವೇರಿಯ ಹಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಅಲ್ಲಿ ಸರ್ಜರಿ ಒಪಿಡಿ ಚೀಟಿ ಮಾಡಿಸಿ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಇದೆ. ಕ್ಯಾನ್ಸರ್ ಆಸ್ಪತ್ರೆಯ ಬಾಗಿಲು ದಾಟಿದರೆ ಕ್ಯಾನ್ಸರ್ ಇದೆ ಅಂತ ಅರ್ಥ ಅಲ್ಲ, ಪರೀಕ್ಷೆ ಮಾಡಿಸಿಕೊಂಡು ನಿರಾಳವಾಗಿ ಮನೆಗೆ ಹೋಗುವವರೂ ಅಲ್ಲಿಗೆ ಬರುತ್ತಾರೆ. ಮಹಿಳಾ ಡಾಕ್ಟರೇ ನೋಡಬೇಕು ಅಂತಿದ್ದರೆ ಕೇಳಿ. ಪರೀಕ್ಷೆ ಮಾಡುವಾಗ ಒಬ್ಬ ನರ್ಸ್ ಅಥವಾ ನಿಮ್ಮ ಮನೆಯ ಹೆಂಗಸು ಜೊತೆಗಿರುವುದು ನಿಮ್ಮ ಹಕ್ಕು.

ಮೂರು ಪರೀಕ್ಷೆ, ಮೂರೂ ಆಗಬೇಕು

ಕೈಯಿಂದ ನೋಡುವುದು, ಸ್ಕ್ಯಾನ್, ಸೂಜಿ. ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬಹುದು. ಸ್ಕ್ಯಾನ್ "ಏನಿಲ್ಲ" ಅಂದು ಕೈಗೆ ಗಟ್ಟಿ ಗಂಟು ಸಿಗುತ್ತಿದ್ದರೆ, ಆಗಲೂ ಸೂಜಿ ಪರೀಕ್ಷೆ ಬೇಕು.

30ರೊಳಗಿನವರಿಗೆ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ. 30ರಿಂದ 39ರವರಿಗೆ ಅಲ್ಟ್ರಾಸೌಂಡ್, ಬೇಕಾದರೆ ಜೊತೆಗೆ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ. ಸಣ್ಣ ವಯಸ್ಸಿನಲ್ಲಿ ಎದೆಯ ಒಳಗಿನ ಅಂಗಾಂಶ ದಟ್ಟವಾಗಿರುತ್ತದೆ. ಮ್ಯಾಮೋಗ್ರಾಮ್‌ನಲ್ಲಿ ಅದೂ ಬಿಳಿ, ಗಂಟೂ ಬಿಳಿ. ಹಾಗಾಗಿ ಮ್ಯಾಮೋಗ್ರಾಮ್ ನಾರ್ಮಲ್ ಅಂತ ಬಂದರೂ ಅದೊಂದರ ಮೇಲೆ ನಿಲ್ಲಬೇಡಿ.

ರಿಪೋರ್ಟಿನ ಕೊನೆಯಲ್ಲಿ ಬೈರಾಡ್ಸ್ ಅಂತ ಒಂದು ಅಂಕಿ ಇರುತ್ತದೆ. 1, 2 ಬಂದರೆ ಸ್ಕ್ಯಾನ್ ಪ್ರಕಾರ ಅನುಮಾನ ಇಲ್ಲ. 3 ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್, ಸೂಜಿ ಈಗಲೇ ಬೇಕಾ ಅಂತ ಡಾಕ್ಟರ್‌ಗೆ ಕೇಳಿ. 4, 5 ಬಂದರೆ ಬಯಾಪ್ಸಿ, ಚರ್ಚೆಯೇ ಇಲ್ಲ. 0 ಅಂದರೆ ಇನ್ನೂ ಪರೀಕ್ಷೆ ಬಾಕಿ ಇದೆ ಅಂತ, ಕಾಯಿಲೆ ಇಲ್ಲ ಅಂತ ಅಲ್ಲ. 3 ಬಂದವರು ಆರು ತಿಂಗಳ ಮುಂದಿನ ತಾರೀಕನ್ನು ಆವತ್ತೇ ಗುರುತು ಹಾಕಿಕೊಳ್ಳಿ. ಅದನ್ನು ನೆನಪಿಸಲು ಆಸ್ಪತ್ರೆಯಿಂದ ಫೋನ್ ಬರುತ್ತದೆ ಅಂತ ಕಾಯಬೇಡಿ.

ಸೂಜಿಯಲ್ಲಿ ಎರಡು ಬಗೆ. ಸಣ್ಣ ಸೂಜಿಯದು ಎಫ್‌ಎನ್‌ಎಸಿ, ಬರೀ ಜೀವಕೋಶ ಸಿಗುತ್ತದೆ. ದಪ್ಪ ಸೂಜಿಯದು ಟ್ರೂಕಟ್ ಅಥವಾ ಕೋರ್ ಬಯಾಪ್ಸಿ, ಎಳೆಯಂಥ ಚೂರು ಸಿಗುತ್ತದೆ. ಅನುಮಾನ ಇದ್ದರೆ ಕೋರ್ ಬಯಾಪ್ಸಿಯನ್ನೇ ಕೇಳಿ. ಮುಂದೆ ಯಾವ ಔಷಧ ಅಂತ ತೀರ್ಮಾನ ಆಗುವುದು ಆ ಚೂರಿನ ಮೇಲೆ ಮಾಡುವ ಪರೀಕ್ಷೆಯಿಂದ. ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಅದೇ ದಿನ ಮನೆಗೆ ಹೋಗಬಹುದು.

"ಸೂಜಿ ಚುಚ್ಚಿದ್ರ ಹಬ್ಬತೈತಂತ, ಹೌದೇನ್ರೀ ಸಿಸ್ಟರ್?" ಈ ಪ್ರಶ್ನೆ ಕೇಳದ ಮನೆಯಿಲ್ಲ. ಇಲ್ಲ, ಹಬ್ಬುವುದಿಲ್ಲ. ಬಯಾಪ್ಸಿಯಿಂದ ಆಯಸ್ಸು ಕಡಿಮೆ ಆಗುವುದಿಲ್ಲ. ಬಯಾಪ್ಸಿ ಮಾಡಿಸದೆ ಲೇಪ ಹಚ್ಚುತ್ತಾ ಕೂತ ತಿಂಗಳುಗಳಲ್ಲೇ ಅದು ಹಬ್ಬುವುದು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಊರುಗಳಲ್ಲಿ ಇದು ಬಹಳ ನಡೆಯುತ್ತದೆ. "ಸಣ್ಣ ಗಂಟು, ಒಂದು ತಾಸಿನ ಕೆಲಸ, ತೆಗೆದುಬಿಡೋಣ" ಅಂತ ಹೇಳಿ, ಬಯಾಪ್ಸಿ ಇಲ್ಲದೆ ನೇರ ಆಪರೇಷನ್ ಮಾಡುತ್ತಾರೆ. ಆಮೇಲೆ ಅದು ಕ್ಯಾನ್ಸರ್ ಅಂತ ಗೊತ್ತಾದರೆ ಎಲ್ಲಾ ಗೋಜಲು. ಅಂಚಿನಲ್ಲಿ ಉಳಿದಿದೆಯೋ ಇಲ್ಲವೋ ತಿಳಿಯುವುದಿಲ್ಲ, ಎರಡನೇ ಸಲ ಆಪರೇಷನ್ ಬೇಕಾಗುತ್ತದೆ. ಮೊದಲು ಕೀಮೋ ಕೊಟ್ಟು ಗಂಟು ಹೇಗೆ ಕರಗುತ್ತದೆ ಅಂತ ನೋಡುವ ಅವಕಾಶವೂ ಹೋಗುತ್ತದೆ. ಗದಗ ಕಡೆಯ ಒಬ್ಬ ಹುಡುಗಿ ನಮ್ಮಲ್ಲಿ ಬಂದಿದ್ದಳು. ಬೇರೆ ಕಡೆ ಗಂಟು ತೆಗೆದಿದ್ದರು, ಆದರೆ ಅದನ್ನು ಪರೀಕ್ಷೆಗೆ ಕಳಿಸಿರಲೇ ಇಲ್ಲ. ಅದೇ ಜಾಗದಲ್ಲಿ ಮತ್ತೆ ಗಂಟು ಬಂದಾಗಲೇ ಅವಳಿಗೆ ಸತ್ಯ ಗೊತ್ತಾಗಿದ್ದು. ಆ ದಿನ ಅವಳ ಅವ್ವ ನನ್ನ ಕೈ ಹಿಡಿದುಕೊಂಡು ಅತ್ತಿದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅದಕ್ಕೇ ಎರಡು ಮಾತು ಗಟ್ಟಿಯಾಗಿ ಹೇಳಿ. ಮೊದಲು ಬಯಾಪ್ಸಿ, ಆಮೇಲೆ ಆಪರೇಷನ್. ಮತ್ತೆ, ಮೈಯಿಂದ ಏನೇ ತೆಗೆದರೂ ಅದು ಪೆಥಾಲಜಿಗೆ ಹೋಗಲೇಬೇಕು. ಕೆಲವು ನರ್ಸಿಂಗ್ ಹೋಮ್‌ಗಳಲ್ಲಿ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು "ಲ್ಯಾಬಿಗೆ ಕೊಟ್ಟು ಬರ್ರಿ" ಅನ್ನುತ್ತಾರೆ. ಆಗ ಅದರಲ್ಲಿ ಫಾರ್ಮಲಿನ್ ಹಾಕಿದ್ದಾರಾ ಅಂತ ಕೇಳಿ. ಸಲೈನ್ ನೀರಿನಲ್ಲಿ ಇಟ್ಟ ಚೂರು ಕೆಟ್ಟುಹೋಗುತ್ತದೆ. ಬಾಟಲಿಯನ್ನು ಆವತ್ತೇ ಮುಟ್ಟಿಸಿ, ಬೀರುವಿನಲ್ಲಿ ಇಟ್ಟುಕೊಂಡು ಸೋಮವಾರದ ತನಕ ಕಾಯಬೇಡಿ. ಲ್ಯಾಬಿನಲ್ಲಿ ಆ ಚೂರನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿ ಇಡುತ್ತಾರೆ. ಆ ಬ್ಲಾಕ್ ನಂಬರ್ ರಿಪೋರ್ಟಿನಲ್ಲಿ ಇರುತ್ತದೆ. ಬೇರೆ ಆಸ್ಪತ್ರೆಗೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಅವರು ಮೊದಲು ಕೇಳುವುದು ಬ್ಲಾಕ್ ಮತ್ತು ಸ್ಲೈಡ್.

ಬಾಣಂತಿಯರಿಗೆ

ತವರಿಗೆ ಹೆರಿಗೆಗೆ ಬಂದವರ ವಿಷಯವನ್ನು ಬೇರೆಯಾಗಿ ಹೇಳುತ್ತೇನೆ. ಹೆರಿಗೆಯಾದ ಮೇಲೆ ಕೆಲವು ವರ್ಷ ಸ್ತನ ಕ್ಯಾನ್ಸರ್ ಅಪಾಯ ಸ್ವಲ್ಪ ಏರುತ್ತದೆ. ಜೊತೆಗೆ ಗಂಟು ಸಿಕ್ಕರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಾಲು ಕಟ್ಟೈತಿ, ಬಿಸಿನೀರು ಕಾಸು." ಹೆಚ್ಚಿನ ಸಲ ಅದು ಹಾಲು ಕಟ್ಟಿದ್ದೇ ಆಗಿರುತ್ತದೆ. ಹಾಲು ಕಟ್ಟಿದ ಗಂಟು ಮಗುವಿಗೆ ಕುಡಿಸಿದರೆ, ಶಾಖ ಕೊಟ್ಟು ಮೆಲ್ಲಗೆ ನೀವಿದರೆ ಕೆಲವೇ ದಿನದಲ್ಲಿ ಕರಗುತ್ತದೆ. ಎರಡು ವಾರ ಆದರೂ ಅದೇ ಜಾಗದಲ್ಲಿ ಅಷ್ಟೇ ದೊಡ್ಡದಾಗಿ ಉಳಿದಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ. ಮಗು ಒಂದು ಕಡೆಯ ಹಾಲನ್ನು ಮಾತ್ರ ಬೇಡ ಅಂತ ಮುಖ ತಿರುಗಿಸುತ್ತಿದ್ದು, ಆ ಕಡೆ ಗಂಟೂ ಇದ್ದರೆ ಇನ್ನೂ ಬೇಗ.

ಬಸುರಿದ್ದಾಗಲೂ, ಹಾಲುಣಿಸುವಾಗಲೂ ಅಲ್ಟ್ರಾಸೌಂಡ್ ಮಾಡಬಹುದು, ಬಯಾಪ್ಸಿಯೂ ಮಾಡಬಹುದು. "ಹಸಿ ಮೈ, ಹೊರಗ ಹೋಗಬಾರದು" ಅಂತ ಮನೆಯ ಹಿರಿಯರು ಹೇಳುವುದು ಪ್ರೀತಿಯಿಂದ, ಅದು ನನಗೂ ಗೊತ್ತು. ಆದರೆ ಬಾಣಂತನ ಮುಗಿಯಲಿ ಅಂತ ಕಾದರೆ ಮೂರು ತಿಂಗಳು ಹೋಗುತ್ತದೆ. ಬೆಚ್ಚಗೆ ಕಿವಿಗೆ ಕಟ್ಟಿಕೊಂಡು, ಮಗುವನ್ನು ಅವ್ವನ ಮಡಿಲಲ್ಲಿ ಕೊಟ್ಟು, ಹೋಗಿಬನ್ನಿ.

ಬಸುರಿನಲ್ಲೇ ಕ್ಯಾನ್ಸರ್ ಗೊತ್ತಾದರೂ ಚಿಕಿತ್ಸೆ ಇದೆ. ಮೊದಲ ಮೂರು ತಿಂಗಳು ಕಳೆದ ಮೇಲೆ ಕೆಲವು ಕೀಮೋ ಔಷಧಗಳನ್ನು ಕೊಡುತ್ತಾರೆ. ರೇಡಿಯೇಶನ್, ಟಾಮಾಕ್ಸಿಫೆನ್ ಮಾತ್ರೆ, ಟ್ರಾಸ್ಟುಜುಮಾಬ್ ಇಂಜೆಕ್ಷನ್ (ಈ ಎರಡು ಔಷಧದ ಬಗ್ಗೆ ಮುಂದೆ ಹೇಳುತ್ತೇನೆ) ಮಾತ್ರ ಹೆರಿಗೆ ಆದ ಮೇಲೆ. "ಮೊದಲು ಮಗು ತೆಗೆಸಬೇಕು" ಅಂತ ಯಾರಾದರೂ ನೇರವಾಗಿ ಹೇಳಿದರೆ ಇನ್ನೊಬ್ಬ ಕ್ಯಾನ್ಸರ್ ಡಾಕ್ಟರ್ ಅಭಿಪ್ರಾಯ ಕೇಳಿ.

ಕ್ಯಾನ್ಸರ್ ಅಂತ ಬಂದರೆ, ಮೊದಲ ಸಲೈನ್ ಏರುವ ಮುಂಚೆ

ರಿಪೋರ್ಟ್ ಬಂದ ದಿನ ಮನೆಯಲ್ಲಿ ಎಲ್ಲರೂ "ನಾಳೆಯೇ ಶುರು ಮಾಡ್ರಿ" ಅನ್ನುತ್ತಾರೆ. ತಡ ಬೇಡ, ನಿಜ. ಆದರೆ ಒಂದೆರಡು ವಾರ ಸರಿಯಾಗಿ ಬಳಸಿಕೊಂಡರೆ ಮುಂದಿನ ಮೂವತ್ತು ನಲವತ್ತು ವರ್ಷಕ್ಕೆ ಅನುಕೂಲ. ಅರವತ್ತರ ಹೆಂಗಸಿಗೆ ಬೇಡವಾದ ಪ್ರಶ್ನೆಗಳು ಮೂವತ್ತರ ನಿಮಗೆ ಬೇಕು. ಅವನ್ನು ನೀವೇ ಕೇಳಬೇಕು, ಗದ್ದಲದ ಒಪಿಡಿಯಲ್ಲಿ ಡಾಕ್ಟರ್ ಮರೆತಾರು.

ಮೊದಲು ಐಎಚ್‌ಸಿ ರಿಪೋರ್ಟ್, ಅಂದರೆ ಬಯಾಪ್ಸಿ ಚೂರಿನ ಮೇಲೆ ಮಾಡಿದ ಪರೀಕ್ಷೆಯದು, ಕೈಯಲ್ಲಿದೆಯಾ ನೋಡಿ. ಅದರಲ್ಲಿ ಇಆರ್, ಪಿಆರ್, ಹರ್-2 ಅಂತ ಮೂರು ಇರುತ್ತವೆ. ಇಆರ್, ಪಿಆರ್ ಪಾಸಿಟಿವ್ ಆದರೆ ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆ. ಹರ್-2 ಪಾಸಿಟಿವ್ ಆದರೆ ಟ್ರಾಸ್ಟುಜುಮಾಬ್ ಇಂಜೆಕ್ಷನ್, ಸಾಮಾನ್ಯವಾಗಿ ಒಂದು ವರ್ಷ. ಇದು ಹಿಂದೆ ಬಡವರ ಕೈಗೆ ಸಿಗದ ಔಷಧವಾಗಿತ್ತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಬಯೋಸಿಮಿಲರ್ ಅನ್ನು, ಅಂದರೆ ಇದರಂತೆಯೇ ಕೆಲಸ ಮಾಡುವ ಔಷಧವನ್ನು, ದೇಶದ ಮಾರುಕಟ್ಟೆಗೆ ತಂದಿತು, ಈಗ ಹಲವು ಕಂಪನಿಗಳದು ಸಿಗುತ್ತದೆ. ಹರ್-2 ಮುಂದೆ "2+" ಅಂತ ಇದ್ದರೆ ಅದು ಅರ್ಧ ಉತ್ತರ. ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಆಗಬೇಕು. ಮೂರೂ ನೆಗೆಟಿವ್ ಆದರೆ ಟ್ರಿಪಲ್ ನೆಗೆಟಿವ್. ಅದಕ್ಕೆ ಕೀಮೋ ಮುಖ್ಯ, ಹೆಚ್ಚಾಗಿ ಆಪರೇಷನ್‌ಗಿಂತ ಮೊದಲೇ ಕೊಡುತ್ತಾರೆ. ಹಾಗೆ ಕೊಡುವಾಗ ಗಂಟಿನ ಜಾಗದಲ್ಲಿ ಸಣ್ಣ ಕ್ಲಿಪ್ ಇಡುತ್ತೀರಾ ಅಂತ ಕೇಳಿ. ಗಂಟು ಪೂರ್ತಿ ಕರಗಿದರೆ ಸರ್ಜನ್‌ಗೆ ಜಾಗ ಗುರುತಾಗಬೇಕಲ್ವಾ?

ಎರಡನೆಯದು ಮಕ್ಕಳ ವಿಷಯ. ಇದನ್ನು ಹೇಳಲೇಬೇಕು. ಮದುವೆ ಆಗದ ಹುಡುಗಿ, ಪಕ್ಕದಲ್ಲಿ ಅಪ್ಪ, ಎದುರಿಗೆ ಡಾಕ್ಟರ್. ಯಾರೂ ಬಾಯಿ ತೆರೆಯುವುದಿಲ್ಲ. ಕೀಮೋ ಮುಗಿದ ಮೇಲೆ ಮುಟ್ಟು ವಾಪಸ್ ಬಾರದಿದ್ದಾಗ ಆ ಹುಡುಗಿ ವಾರ್ಡಿನಲ್ಲಿ ನನ್ನ ಹತ್ತಿರ ಮೆಲ್ಲಗೆ ಕೇಳುತ್ತಾಳೆ. ಆಗ ತಡವಾಗಿರುತ್ತದೆ. ಸೈಕ್ಲೊಫಾಸ್ಫಮೈಡ್‌ನಂಥ ಕೀಮೋ ಔಷಧಗಳು ಅಂಡಾಶಯಕ್ಕೆ ಪೆಟ್ಟು ಕೊಡುತ್ತವೆ. ವಯಸ್ಸು ಏರಿದಷ್ಟು ಆ ಪೆಟ್ಟು ಜಾಸ್ತಿ. ಅದಕ್ಕೆ ಮುಂಚೆಯೇ ಅಂಡಾಣು ತೆಗೆದು ಫ್ರೀಜ್ ಮಾಡಿಡಬಹುದು. ಮದುವೆಯಾದವರು ಭ್ರೂಣವನ್ನೂ ಇಡಿಸಬಹುದು. ಇದಕ್ಕೆ ಸುಮಾರು ಎರಡು ವಾರ ಸಾಕು. ಮುಟ್ಟಿನ ಯಾವ ದಿನದಲ್ಲಾದರೂ ಶುರು ಮಾಡಬಹುದು. ಹಾರ್ಮೋನ್ ಮಟ್ಟ ಏರದಂತೆ ಲೆಟ್ರೊಜೋಲ್ ಮಾತ್ರೆ ಜೊತೆಗೆ ಕೊಡುತ್ತಾರೆ. ಹುಬ್ಬಳ್ಳಿಯಲ್ಲೇ ಐವಿಎಫ್ ಕೇಂದ್ರಗಳಿವೆ. ಮದುವೆ ಆಗದವರಿಗೂ ಇದು ಕಾನೂನಿನಲ್ಲಿ ತೆರೆದೇ ಇದೆ.

ಖರ್ಚು ಲಕ್ಷದ ಮೇಲೆ ಬರಬಹುದು. ಎಲ್ಲರ ಕೈಲಿ ಆಗುವ ಮಾತಲ್ಲ. ಆಗದವರು ಗೊಸೆರೆಲಿನ್ ಇಂಜೆಕ್ಷನ್ ಬಗ್ಗೆ ಕೇಳಿ. ಕೀಮೋಗೆ ಒಂದು ವಾರ ಮುಂಚೆ ಶುರು ಮಾಡಿ ನಾಲ್ಕು ವಾರಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಕೊಡುತ್ತಾರೆ, ಅಂಡಾಶಯ ಮಲಗಿದಂತೆ ಇರುತ್ತದೆ. 2015ರಲ್ಲಿ ಬಂದ ಪೋಯಮ್ಸ್ ಅಧ್ಯಯನದಲ್ಲಿ ಇದು ತೆಗೆದುಕೊಂಡವರಲ್ಲಿ ನೂರಕ್ಕೆ 8 ಜನರ ಅಂಡಾಶಯ ಕೆಲಸ ನಿಲ್ಲಿಸಿತು, ತೆಗೆದುಕೊಳ್ಳದವರಲ್ಲಿ 22 ಜನರದು. ಅದು ಹಾರ್ಮೋನ್ ನೆಗೆಟಿವ್ ಇದ್ದವರ ಮೇಲೆ ನಡೆದದ್ದು. ಪೂರ್ತಿ ಭರವಸೆ ಅಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಬಹಳ ಮೇಲು.

ಮೂರನೆಯದು ಜೀನ್ ಪರೀಕ್ಷೆ. ಸಣ್ಣ ವಯಸ್ಸಿನಲ್ಲಿ ಬಂದರೆ ಬಿಆರ್‌ಸಿಎ-1, ಬಿಆರ್‌ಸಿಎ-2 ಅನ್ನುವ ಜೀನ್‌ಗಳಲ್ಲಿ ದೋಷ ಇದೆಯಾ ಅಂತ ನೋಡಿಸಿ. ರಕ್ತ ಅಥವಾ ಜೊಲ್ಲಿನಲ್ಲಿ ಮಾಡುತ್ತಾರೆ. "ನಮ್ಮ ತಾಯಿ ಕಡೆ ಯಾರಿಗೂ ಇಲ್ಲ" ಅಂದರೆ ಸಾಲದು, ತಂದೆಯ ಕಡೆಯಿಂದಲೂ ಬರುತ್ತದೆ. ಸೋದರತ್ತೆ, ಅಜ್ಜಿ, ದೊಡ್ಡಪ್ಪನ ಮಗಳು, ಎಲ್ಲರನ್ನೂ ಲೆಕ್ಕ ಹಾಕಿ. ಅಂಡಾಶಯದ ಕ್ಯಾನ್ಸರ್ ಆದವರನ್ನೂ ಸೇರಿಸಿ. ಈ ಫಲಿತಾಂಶದಿಂದ ಆಪರೇಷನ್ ಎಷ್ಟು, ಮುಂದೆ ಒಲಾಪರಿಬ್ ಮಾತ್ರೆ ಬೇಕಾ ಅನ್ನುವುದು ಬದಲಾಗಬಹುದು. ನಿಮ್ಮಲ್ಲಿ ದೋಷ ಸಿಕ್ಕರೆ ಅಕ್ಕ ತಂಗಿಯರಿಗೂ ಅದೇ ದೋಷ ಇರುವ ಸಾಧ್ಯತೆ ಅರ್ಧಕ್ಕರ್ಧ.

ಆಪರೇಷನ್ ಬಗ್ಗೆ ಒಂದೇ ಮಾತು. "ಪೂರ್ತಿ ತಗದ್ಬಿಡ್ರಿ, ಕಾಟ ಹೋಗ್ಲಿ" ಅಂತ ಮನೆಯವರು ಹೇಳುತ್ತಾರೆ. ಗಂಟು ಮತ್ತು ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆದು ರೇಡಿಯೇಶನ್ ಕೊಟ್ಟರೂ ಆಯಸ್ಸು ಅಷ್ಟೇ. 20 ವರ್ಷ ಕಾದು ನೋಡಿದ ಎರಡು ಅಧ್ಯಯನಗಳು 2002ರಲ್ಲೇ ಇದನ್ನು ಹೇಳಿವೆ. ಯಾವುದು ನಿಮಗೆ ಸರಿ ಅಂತ ಸರ್ಜನ್ ಜೊತೆ ನೀವೇ ಮಾತಾಡಿ. ಮೈ ನಿಮ್ಮದು.

ದುಡ್ಡು, ಓಡಾಟ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ಸರ್ಕಾರದ ಖರ್ಚಿನಲ್ಲಿ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜಿನ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ತನಕ. ರೇಷನ್ ಕಾರ್ಡ್, ಆಧಾರ್ ಬೇಕು. ರೇಷನ್ ಕಾರ್ಡಿನಲ್ಲಿ ಹೆಸರು ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಹೊಸದಾಗಿ ಮದುವೆಯಾದವರ ಹೆಸರು ತವರಿನ ಕಾರ್ಡಿನಿಂದ ತೆಗೆದಿರುತ್ತಾರೆ, ಗಂಡನ ಮನೆಯ ಕಾರ್ಡಿಗೆ ಸೇರಿರುವುದಿಲ್ಲ. ಇದೊಂದರಿಂದ ವಾರಗಟ್ಟಲೆ ಹೋಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾಗುತ್ತದೆ. ಪ್ರತಿ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಬಿಲ್ ಕಟ್ಟುವ ಮುಂಚೆ ಅವರ ಹತ್ತಿರ ಹೋಗಿ.

2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ಶುರು ಮಾಡಿದೆ. ಯಾವ ಚಿಕಿತ್ಸೆ ಅನ್ನುವ ತೀರ್ಮಾನವನ್ನು ಮೊದಲು ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಿ, ಮುಂದಿನ ಕೀಮೋ ಹತ್ತಿರದಲ್ಲೇ ಸಿಗುತ್ತದಾ ಅಂತ ಕೇಳಿ. ಬಸ್ಸಿಗೆ ಶಕ್ತಿ ಯೋಜನೆ ಇದೆ. ರೈಲಿನಲ್ಲಿ ಬೆಂಗಳೂರಿಗೆ ಹೋಗುವುದಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು ಪಾಲು. ಅದರ ಫಾರ್ಮ್‌ಗೆ ಆಸ್ಪತ್ರೆಯ ಸಹಿ, ಮುದ್ರೆ ಬೇಕು.

ಕೀಮೋ ದಿನಗಳು

ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ. ಕೂದಲು ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರುತ್ತದೆ, ಆಮೇಲೆ ಬರುತ್ತದೆ. ಜಡೆ ಉದ್ದ ಇದ್ದವರು ಮೊದಲೇ ಕತ್ತರಿಸಿಕೊಂಡರೆ ಸಂಕಟ ಕಡಿಮೆ.

ಜೀವಕ್ಕೆ ಬರುವುದು ಜ್ವರ. ಮನೆಯಲ್ಲಿ ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಿನ ತನಕ ಕಾಯಬೇಡಿ. ಬಿಳಿ ರಕ್ತಕಣ ಇಳಿದಾಗ ಸೋಂಕು ಬಹಳ ಬೇಗ ರಕ್ತಕ್ಕೆ ಏರುತ್ತದೆ. ಹಳ್ಳಿಯಲ್ಲಿ ಇರುವವರು ರಾತ್ರಿ ಯಾರ ಗಾಡಿ ಸಿಗುತ್ತದೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. 108 ನಂಬರ್ ಮನೆಯ ಎಲ್ಲರಿಗೂ ಗೊತ್ತಿರಲಿ.

ಮಾತ್ರೆಯ ವರ್ಷಗಳು

ಹಾರ್ಮೋನ್ ಪಾಸಿಟಿವ್ ಇದ್ದವರಿಗೆ ಟಾಮಾಕ್ಸಿಫೆನ್ ಐದು ವರ್ಷ, ಕೆಲವರಿಗೆ ಹತ್ತು. ಐದು ವರ್ಷ ತೆಗೆದುಕೊಂಡರೆ ಈ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಮಾತ್ರೆ ದುಬಾರಿಯಲ್ಲ. 35ರೊಳಗಿನವರಿಗೆ, ಅಪಾಯ ಜಾಸ್ತಿ ಇರುವವರಿಗೆ ಅಂಡಾಶಯ ಮಲಗಿಸುವ ಇಂಜೆಕ್ಷನ್ ಕೂಡ ಸೇರಿಸುತ್ತಾರೆ.

ಕೀಮೋ ಎಲ್ಲರ ಕಣ್ಣಿಗೆ ಕಾಣುತ್ತದೆ, ಎಲ್ಲರೂ ಜೊತೆಗಿರುತ್ತಾರೆ. ಮಾತ್ರೆಯ ಕಾಲದಲ್ಲಿ ನೀವು ಒಬ್ಬರೇ. ಮೈ ಬಿಸಿಯೇರುವುದು, ರಾತ್ರಿ ಬೆವರು, ಸಿಡುಕು, ಮುಟ್ಟಿನ ಏರುಪೇರು. ಮದುವೆಯ ಮಾತುಕತೆ ಬಂದಾಗ ಮಾತ್ರೆ ಡಬ್ಬಿ ಬಚ್ಚಿಡುವವರನ್ನು ನೋಡಿದ್ದೇನೆ. ಸಣ್ಣ ವಯಸ್ಸಿನವರು ಮಾತ್ರೆ ಬಿಡುವುದು ನಮ್ಮಲ್ಲಿ ಮಾತ್ರ ಅಲ್ಲ. ಫ್ರಾನ್ಸಿನಲ್ಲಿ ಮುಟ್ಟು ನಿಲ್ಲುವ ವಯಸ್ಸು ಇನ್ನೂ ಬರದ, ಟಾಮಾಕ್ಸಿಫೆನ್ ಬರೆದುಕೊಟ್ಟ ಹೆಂಗಸರ ರಕ್ತ ಪರೀಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ಹೊತ್ತಿಗೆ ನೂರಕ್ಕೆ 16 ಜನರ ರಕ್ತದಲ್ಲಿ ಔಷಧ ಇರಬೇಕಾದಷ್ಟು ಇರಲಿಲ್ಲ. ತೊಂದರೆ ತಡೆಯಲಾಗದಿದ್ದರೆ ಬಿಡುವ ಮುಂಚೆ ಬಂದು ಹೇಳಿ. ಬೈಯುವುದಿಲ್ಲ. ಮೈ ಬಿಸಿಗೆ, ನಿದ್ದೆಗೆ ಬೇರೆ ಔಷಧ ಇವೆ. ಆದರೆ ಫ್ಲುವಾಕ್ಸೆಟಿನ್, ಪ್ಯಾರಾಕ್ಸೆಟಿನ್ ಅನ್ನುವ ಮಾತ್ರೆಗಳು ಟಾಮಾಕ್ಸಿಫೆನ್ ಕೆಲಸವನ್ನು ಕುಗ್ಗಿಸುತ್ತವೆ. ಬೇರೆ ಡಾಕ್ಟರ್ ಏನು ಬರೆದರೂ ಟಾಮಾಕ್ಸಿಫೆನ್ ನಡೆಯುತ್ತಿದೆ ಅಂತ ಹೇಳಿ.

ಮುಟ್ಟು ನಿಂತಿದೆ ಅಂದರೆ ಬಸುರಾಗುವುದಿಲ್ಲ ಅಂತ ಅಲ್ಲ. ಮಾತ್ರೆಯ ಮೇಲಿರುವಾಗ ಬಸುರಾದರೆ ಮಗುವಿಗೆ ತೊಂದರೆ. ಗರ್ಭನಿರೋಧಕ ಹಾರ್ಮೋನ್ ಗುಳಿಗೆ ಬೇಡ. ಕಾಪರ್-ಟಿ ಅಥವಾ ಕಾಂಡೋಮ್ ಸರಿ.

ಮಗು ಬೇಕು ಅನ್ನುವವರಿಗೆ ಒಂದು ಒಳ್ಳೆಯ ಸುದ್ದಿ. 2023ರಲ್ಲಿ ಪಾಸಿಟಿವ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. 42ರೊಳಗಿನ ಐದು ನೂರಕ್ಕೂ ಹೆಚ್ಚು ಹೆಂಗಸರು ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತೆಗೆದುಕೊಂಡು, ಆಮೇಲೆ ಮಗುವಿಗಾಗಿ ಎರಡು ವರ್ಷದ ತನಕ ನಿಲ್ಲಿಸಿದ್ದರು. ಮೂರು ವರ್ಷದಲ್ಲಿ ಕಾಯಿಲೆ ಮರಳಿದ್ದು ಅವರಲ್ಲಿ ನೂರಕ್ಕೆ 8.9, ನಿಲ್ಲಿಸದವರ ಹೋಲಿಕೆಯಲ್ಲಿ 9.2. ಹೆಚ್ಚಿನವರು ಬಸುರಾದರು. ಇನ್ನೂ ದೀರ್ಘಕಾಲದ ಫಲಿತಾಂಶ ಬರಬೇಕಿದೆ. ಆದರೂ ಅತ್ತೆಗೆ, ಗಂಡನಿಗೆ ತೋರಿಸಿ ಧೈರ್ಯ ಹೇಳಲು ಇದು ಸಾಕು. ನಿಲ್ಲಿಸುವುದು, ಮತ್ತೆ ಶುರು ಮಾಡುವುದು, ಎರಡೂ ಡಾಕ್ಟರ್ ಜೊತೆ ತಾರೀಕು ಹಾಕಿಕೊಂಡು ಆಗಬೇಕು.

ಚಿಕಿತ್ಸೆ ಮುಗಿದ ಮೇಲೆ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಿ. ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್, ಉಳಿದ ಎದೆಗೂ. ತೊಂದರೆ ಏನೂ ಇಲ್ಲದಿದ್ದರೆ ಪದೇ ಪದೇ ಇಡೀ ಮೈಯ ಪೆಟ್ ಸ್ಕ್ಯಾನ್ ಬೇಡ, ಅದರಿಂದ ಆಯಸ್ಸು ಹೆಚ್ಚುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಒಂದೇ ಜಾಗದ ಎಲುಬು ನೋವು ವಾರಗಟ್ಟಲೆ ನಿಲ್ಲದಿದ್ದರೆ, ಉಸಿರು ಕಟ್ಟಿದರೆ, ಹೊಸ ತಲೆನೋವು ವಾಂತಿಯ ಜೊತೆ ಬಂದರೆ, ಗಾಯದ ಮೇಲೆ ಸಣ್ಣ ಗುಳ್ಳೆ ಎದ್ದರೆ, ಮುಂದಿನ ತಾರೀಕಿಗೆ ಕಾಯದೆ ಮರುದಿನವೇ ಬನ್ನಿ.